ಇಂಜೆಕ್ಟರ್ ತಟ್ಟೆಯಲ್ಲಿ ಲೆಕ್ಕಕ್ಕಿಂತ ಹೆಚ್ಚು ದ್ರವ ಹರಿಯುವುದೇಕೆ?

ಎಥನಾಲ್ ಮತ್ತು ದ್ರವ ಆಮ್ಲಜನಕದ ಪುಟ್ಟ ರಾಕೆಟ್ ಎಂಜಿನ್ನಿಗೆ ಮಾಡಿಸಿದ ಇಂಜೆಕ್ಟರ್ ತಟ್ಟೆಯ (ಇಂಧನ, ಆಮ್ಲಜನಕಗಳನ್ನು ಸಣ್ಣ ರಂಧ್ರಗಳ ಮೂಲಕ ದಹನ ಕೋಣೆಗೆ ಚಿಮ್ಮಿಸುವ ತಟ್ಟೆ) 1 ಮಿ.ಮೀ. ಇಂಧನ ರಂಧ್ರಗಳಲ್ಲಿ ನೀರು ಬಿಟ್ಟಾಗ ಲೆಕ್ಕಕ್ಕಿಂತ ಸುಮಾರು ಕಾಲುಭಾಗ ಹೆಚ್ಚು ಹರಿಯುತ್ತಿದೆ, ಟ್ಯಾಂಕಿನ ಒತ್ತಡ ಇಳಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ನಾನು ಶಿವಮೊಗ್ಗದ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಇಂಥ ತಟ್ಟೆಗಳನ್ನು ಕೊರೆಯುತ್ತೇನೆ; ಇದೇ ತೊಂದರೆ ನನ್ನ ಕೈಯಲ್ಲೂ ಆಗಿದೆ.

ಮೊದಲು ರಂಧ್ರದ ಹಿಂಬದಿಯನ್ನು, ಅಂದರೆ ದ್ರವ ಒಳಹೋಗುವ ಬಾಯಿಯನ್ನು, ಭೂತಗನ್ನಡಿಯಲ್ಲಿ ನೋಡಿ. ಡ್ರಿಲ್ ಎಬ್ಬಿಸಿದ ಬರ್ (ಅಂಚಿನಲ್ಲಿ ಏಳುವ ಲೋಹದ ಮುಳ್ಳು) ತೆಗೆಯಲು ಯಾರಾದರೂ ಕೌಂಟರ್‌ಸಿಂಕ್ ಎಂಬ, ಅಂಚನ್ನು ಇಳಿಜಾರು ಮಾಡುವ ಬಿಟ್ ತಿರುಗಿಸಿದ್ದರೆ ಅಲ್ಲಿ ಹೊಳೆಯುವ ಸಣ್ಣದೊಂದು ಉಂಗುರ ಕಾಣುತ್ತದೆ. ಚೂಪಾದ ಅಂಚನ್ನು ದಾಟುವಾಗ ದ್ರವವು ಗೋಡೆ ಬಿಟ್ಟು ಒಳಕ್ಕೆ ಸಂಕುಚಿಸುವುದರಿಂದ ಹರಿವಿನ ಗುಣಾಂಕ (ಆದರ್ಶ ಲೆಕ್ಕದ ಹರಿವಿನಲ್ಲಿ ನಿಜವಾಗಿ ಹಾಯುವ ಪಾಲು) 0.65ರ ಆಸುಪಾಸಿನಲ್ಲಿರುತ್ತದೆ, ಅಂಚು ಇಳಿಜಾರಾದರೆ ಅದು 0.8ರ ಹತ್ತಿರಕ್ಕೆ ಏರುತ್ತದೆ. 5 ಬಾರ್ ಒತ್ತಡದಲ್ಲಿ ಒಂದೇ ರಂಧ್ರದ ನೀರನ್ನು ಹತ್ತು ಸೆಕೆಂಡು ಹಿಡಿದು ತೂಗಿದರೆ ಮೊದಲನೆಯದರಲ್ಲಿ ಸುಮಾರು 160 ಗ್ರಾಂ, ಎರಡನೆಯದರಲ್ಲಿ 200 ಗ್ರಾಂ ಸಿಗಬೇಕು. ತೀರ್ಥಹಳ್ಳಿ ಕಡೆ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವವರಿಗೆ ಇದರ ಹತ್ತಿರದ ಸಂಗತಿಯೊಂದು ಚೆನ್ನಾಗಿ ಗೊತ್ತು: ಸುಣ್ಣದ ಹರಳು ಉಜ್ಜಿ ನಾಝಲ್ ಬಾಯಿ ಸವೆದರೆ ದ್ರಾವಣ ಬೇಗ ಖಾಲಿಯಾಗುತ್ತದೆ, ಆದರೆ ಮಂಜಿನಂತೆ ಹರಡದೆ ದಪ್ಪ ಹನಿಯಾಗಿ ಅಡಿಕೆ ಕೊನೆಯಿಂದ ಜಾರಿಹೋಗುತ್ತದೆ.

ಈಗ ಒತ್ತಡದ ಮಾತು. ದಹನ ಕೋಣೆಯಲ್ಲಿ 25 ಬಾರ್ ಇರಲಿ, ಇಂಜೆಕ್ಟರ್‌ನಲ್ಲಿ ಅದರ ಶೇ. 20, ಅಂದರೆ 5 ಬಾರ್ ಇಳಿಯಲಿ ಎಂದು ನೀವು ಲೆಕ್ಕ ಹಾಕಿದ್ದೀರಿ ಎಂದುಕೊಳ್ಳೋಣ. ಬಾಯಿ ಇಳಿಜಾರಾದ ರಂಧ್ರದಲ್ಲಿ ಅಷ್ಟೇ ಇಂಧನ ಹಾಯಿಸಲು 3.3 ಬಾರ್ ಸಾಕಾಗುತ್ತದೆ. ಟ್ಯಾಂಕಿನ ಒತ್ತಡ ಇಳಿಸಿ, ಹರಿವು ಸರಿಹೋಯಿತೆಂದು ನೀವು ಸಮಾಧಾನಪಡುತ್ತೀರಿ, ಆದರೆ ಕೋಣೆಯ ಒತ್ತಡ ಕ್ಷಣಕಾಲ ಏರಿದಾಗ ಇಂಧನದ ಹರಿವು ಕುಗ್ಗಿ, ಒತ್ತಡ ಇಳಿದಾಗ ಮತ್ತೆ ನುಗ್ಗಿ, ಇಡೀ ಎಂಜಿನ್ ಡಬಡಬನೆ ಬಡಿದುಕೊಳ್ಳುವ ಅಪಾಯವನ್ನು ತಡೆಯುವುದೇ ಆ 5 ಬಾರ್. ಅದನ್ನು ಬಿಟ್ಟುಕೊಡಬೇಡಿ.

ಆದ್ದರಿಂದ ತಟ್ಟೆಯನ್ನು ಹೊಸದಾಗಿ ಮಾಡಿಸಿ. ಚೂಪಾದ ಅಂಚನ್ನು ಎಲ್ಲ ರಂಧ್ರಗಳಲ್ಲೂ ಒಂದೇ ರೀತಿ ಉಳಿಸುವುದು ಬಹಳ ಕಷ್ಟ; ಅಳತೆಯಿಟ್ಟು ಎಲ್ಲ ಬಾಯಿಗಳಿಗೂ ಒಂದೇ ಇಳಿಜಾರು ಕೊಟ್ಟು, ರಂಧ್ರವನ್ನು 0.9 ಮಿ.ಮೀ.ಗೆ ಇಳಿಸುವುದು ನನಗೆ ಒಪ್ಪಿಗೆಯಾದ ದಾರಿ. ಡ್ರಿಲ್ ಬಿಟ್ 0.05 ಮಿ.ಮೀ. ಹೆಚ್ಚು ಕೊರೆದರೂ ವಿಸ್ತೀರ್ಣ ಶೇ. 11ರಷ್ಟು ಹಿಗ್ಗುವುದರಿಂದ ಪ್ರತಿ ರಂಧ್ರಕ್ಕೂ ಪಿನ್ ಗೇಜ್ (ನಿಖರ ದಪ್ಪದ ಅಳತೆಕಡ್ಡಿ) ಹಾಕಿ ನೋಡಿ. ಎರಡು ಧಾರೆಗಳು ಡಿಕ್ಕಿ ಹೊಡೆಯುವ ವಿನ್ಯಾಸವಾದರೆ ಅವು ನಿಜವಾಗಿಯೂ ಒಂದೇ ಬಿಂದುವಿನಲ್ಲಿ ಸೇರುತ್ತವೆಯೇ ಎಂಬುದನ್ನೂ ನೀರಿನಲ್ಲೇ ಪರೀಕ್ಷಿಸಿ. ಎಥನಾಲ್ ನೀರಿಗಿಂತ ಹಗುರವಾದ್ದರಿಂದ, ತೂಗಿ ನೋಡಿದ ನೀರಿನ ಹರಿವನ್ನು 0.89ರಿಂದ ಗುಣಿಸಿದರೆ ಅದೇ ಒತ್ತಡದಲ್ಲಿ ಎಥನಾಲಿನ ಹರಿವು ತೂಕದಲ್ಲಿ ಸಿಗುತ್ತದೆ. ಜೋಡಿಸುವ ಮುನ್ನ ಕಟಿಂಗ್ ಆಯಿಲ್‌ನ ಜಿಡ್ಡು ಒಂದಿಷ್ಟೂ ಉಳಿಯದಂತೆ ತಟ್ಟೆಯನ್ನು ತೊಳೆದಿರಲೇಬೇಕು, ಏಕೆಂದರೆ ಆಮ್ಲಜನಕದ ಬದಿಯಲ್ಲಿ ಉಳಿದ ಎಣ್ಣೆ ತಾನೇ ಹೊತ್ತಿಕೊಳ್ಳಬಲ್ಲದು.