ಸಾಲು ಮುಗಿಯುವಷ್ಟರಲ್ಲಿ ಸಣ್ಣಗಾಗುವ ಅಕ್ಷರ

ಪ್ರಶ್ನೆ: ತಂದೆಗೆ 67 ವರ್ಷ. ಎರಡು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮುತ್ತಿನಂತಿದ್ದ ಅಕ್ಷರ ಈಗ ಇರುವೆ ಸಾಲಿನಂತಾಗಿದೆ. ಸಹಿ ಹೊಂದುತ್ತಿಲ್ಲವೆಂದು ಚೆಕ್ ಕೂಡ ವಾಪಸಾಯಿತು. ಕೈ ನಡುಕವೇ ಕಾರಣವೇ? ಕಾಪಿ ಬರೆಸಿದರೆ ಸರಿಹೋದೀತೇ?
– ಓದುಗರೊಬ್ಬರು, ಹಾಸನ

ಉತ್ತರ: ಇಲ್ಲಿ ನಡುಕದ ಪಾತ್ರ ಕಡಿಮೆ. ಪಾರ್ಕಿನ್ಸನ್ ನಡುಕ ಹೆಚ್ಚಾಗಿ ಕಾಣುವುದು ಕೈ ಸುಮ್ಮನಿದ್ದಾಗ. ಪೆನ್ನು ಹಿಡಿದರೆ ಎಷ್ಟೋ ಸಲ ತಗ್ಗುತ್ತದೆ. ಕೆಟ್ಟಿರುವುದು ಅಳತೆ. ಮೆದುಳಿನಲ್ಲಿ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದಾಗ ಪ್ರತಿ ಚಲನೆಯೂ ಕುಗ್ಗುತ್ತದೆ. ಬರೆಯುವವರಿಗೆ ಮಾತ್ರ ಎಂದಿನಷ್ಟೇ ದೊಡ್ಡದಾಗಿ ಬರೆದಂತೆ ಅನ್ನಿಸುತ್ತದೆ. ಹಾಗಾಗಿ ‘ನೆಟ್ಟಗೆ ಬರೀರಿ’ ಎಂದು ಗದರಿ ಫಲವಿಲ್ಲ.

ಗೆರೆಯಿಲ್ಲದ ಹಾಳೆಯಲ್ಲಿ ‘ಸ್ವಾತಂತ್ರ್ಯ’ ಎಂದು ಸಾಲಾಗಿ ಐದು ಸಲ ಬರೆಸಿ ನೋಡಿ. ಮೊದಲನೆಯದು ಸರಿಯಿರುತ್ತದೆ, ಮೂರನೆಯದರ ಹೊತ್ತಿಗೆ ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟುತ್ತದೆ, ಐದನೆಯದರಲ್ಲಿ ಅನುಸ್ವಾರದ ಸೊನ್ನೆ ಚುಕ್ಕಿಯಾಗಿರಬಹುದು. ಅಕ್ಷರ ಕುಗ್ಗದೆ ಅಂಚೆಲ್ಲ ಅಂಕುಡೊಂಕಾಗಿದ್ದರೆ ಅದು ಬೇರೆ ಬಗೆಯ ನಡುಕವಿರಬಹುದು. ಆ ಹಾಳೆಯನ್ನೇ ನರರೋಗ ವೈದ್ಯರಿಗೆ ತೋರಿಸಿ.

ಕಾಪಿ ಬರೆಸಬಹುದು, ಆದರೆ ಗೆರೆ ಬೇಕು. ಒಂದೂವರೆ ಸೆಂಟಿಮೀಟರ್ ಅಂತರದ ಎರಡು ಗಾಢ ಗೆರೆ ಎಳೆದು, ಅಕ್ಷರ ಎರಡನ್ನೂ ಮುಟ್ಟಲಿ ಎನ್ನಿ. ಒತ್ತಿಗೆ ಕೆಳಗೆ ಅಷ್ಟೇ ಜಾಗ ಬಿಡಿ. ಒಳಗೆ ತಪ್ಪಿದ ಅಳತೆಯನ್ನು ಕಣ್ಣು ತುಂಬಿಕೊಡುತ್ತದೆ. ಗೆರೆ ತೆಗೆದರೆ ಅಕ್ಷರ ಮತ್ತೆ ಕುಗ್ಗುವುದುಂಟು, ಬೇಸರ ಬೇಡ. ಮುಂಗೈ ಪೂರ್ತಿ ಮೇಜಿನ ಮೇಲಿರಲಿ, ಪೆನ್ನು ದಪ್ಪಗಿರಲಿ. ಪದ ಮುಗಿದಾಗ ಕೈ ಎತ್ತಿ, ‘ದೊಡ್ಡದು’ ಎಂದುಕೊಂಡು ಮುಂದಿನದನ್ನು ಶುರುಮಾಡಲಿ. ಹತ್ತು ನಿಮಿಷ ಸಾಕು. ಬರೆಯುವಾಗ ಮಾತಿಗೆಳೆಯಬೇಡಿ, ಗಮನ ಹಂಚಿಹೋದ ತಕ್ಷಣ ಅಕ್ಷರ ಕುಗ್ಗುತ್ತದೆ.

ಹೊತ್ತೂ ಮುಖ್ಯ. ಲೆವೊಡೋಪಾ (ಮೆದುಳಿನಲ್ಲಿ ಡೋಪಮಿನ್ ಆಗುವ ಪಾರ್ಕಿನ್ಸನ್ ಔಷಧ) ಮಾತ್ರೆ ನುಂಗಿ ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆಯಲ್ಲಿ ಕೈ ಸಡಿಲವಾಗುತ್ತದೆ, ಆಗ ಬರೆಸಿ. ಬೇಳೆ, ಮೊಟ್ಟೆ, ಹಾಲಿನ ಜೊತೆ ನುಂಗಿದರೆ ಪ್ರೋಟೀನ್ ಅಡ್ಡಬರಬಹುದು. ಮಾತ್ರೆಯ ವೇಳೆ ಬದಲಿಸುವ ಮುನ್ನ ವೈದ್ಯರನ್ನು ಕೇಳಿ.

ಬ್ಯಾಂಕಿಗೂ ಕೈ ಸಡಿಲವಾಗಿರುವ ಹೊತ್ತಿನಲ್ಲೇ ಕರೆದೊಯ್ದು ಹೊಸ ಮಾದರಿ ಸಹಿ ಕೊಡಿಸಿ. ಹಳೆಯ ಉದ್ದನೆಯ ಸಹಿಗೆ ಜೋತುಬೀಳದೆ ಚಿಕ್ಕದನ್ನು ಆರಿಸಿಕೊಳ್ಳಲಿ. ಮುಂದೆ ಸಹಿಯೇ ಆಗದಿದ್ದರೆ, ಹಣ ತೆಗೆಯಲು ಹೆಬ್ಬೆಟ್ಟಿನ ಗುರುತಿಗೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ: ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯೇ ಆಗಿರಬೇಕು.