ಹಟ್ಟಿ ಪ್ರಶ್ನೋತ್ತರ: ಎದ್ದೇಳದ ದನವನ್ನು ಏನು ಮಾಡುವುದು?

ಪ್ರಶ್ನೆ: ನೆರೆಮನೆಯವರದು ಹತ್ತು ದನಗಳ ಡೈರಿ. ಒಂದು ಜರ್ಸಿ ದನ ಕರು ಹಾಕಿದ ಮರುದಿನ ಬಿದ್ದದ್ದು ಎದ್ದಿಲ್ಲ. ಎರಡು ದಿನದಿಂದ ಸಿಮೆಂಟು ನೆಲದಲ್ಲೇ ಇದೆ. ಬಾಲ ತಿರುಚಿ, ಹೊಡೆದು ನೋಡಿದರು. ಇನ್ನು ಇದಕ್ಕೆ ಖರ್ಚು ಮಾಡಿ ಪ್ರಯೋಜನವಿಲ್ಲ ಎನ್ನುತ್ತಾರೆ. ನಾವೇನು ಮಾಡಬಹುದು? (ಬದಿಯಡ್ಕದ ಓದುಗರು)

ಉತ್ತರ: ಮೊದಲು ಡಾಕ್ಟರು ಬರಬೇಕು. ಮೃಗಾಸ್ಪತ್ರೆ ಮುಚ್ಚಿದ್ದರೆ 1962ಕ್ಕೆ ಫೋನ್ ಮಾಡಿ. ಕರು ಹಾಕಿ ಮೂರು ದಿನದೊಳಗೆ ಬಿದ್ದ, ಹೆಚ್ಚು ಹಾಲು ಕೊಡುವ ದನವೆಂದರೆ ಹಾಲುಜ್ವರದ ಸಂಶಯವೇ ಮೊದಲು. ಕೆಚ್ಚಲಿಗೆ ಹಾಲು ಇಳಿಯುವ ರಭಸಕ್ಕೆ ರಕ್ತದ ಕ್ಯಾಲ್ಸಿಯಂ ಕುಸಿದು ಸ್ನಾಯುಗಳು ಸೋಲುತ್ತವೆ. ಕಿವಿ ತಣ್ಣಗಾಗುತ್ತದೆ, ಸೆಗಣಿ ನಿಲ್ಲುತ್ತದೆ, ದನ ಕತ್ತು ತಿರುಗಿಸಿ ತಲೆಯನ್ನು ಪಕ್ಕೆಗೆ ಒರಗಿಸುತ್ತದೆ. ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ರಕ್ತನಾಳಕ್ಕೆ ನಿಧಾನವಾಗಿ ಹೋದರೆ ಎಷ್ಟೋ ದನಗಳು ಅದೇ ದಿನ ಎದ್ದು ನಿಲ್ಲುತ್ತವೆ. ಬಾಟಲಿ ತಂದು ತಾವೇ ಏರಿಸಲು ಹೋಗಬಾರದು. ರಭಸ ಹೆಚ್ಚಾದರೆ ಹೃದಯ ನಿಂತೇ ಹೋಗುತ್ತದೆ. ಇಷ್ಟು ಸುಲಭವಾಗಿ ವಾಸಿಯಾಗಬಹುದಾದ ಕಾಯಿಲೆಗೆ ಎರಡು ದಿನ ಕಾಯಿಸಿದ್ದೇ ಹೊಡೆತಕ್ಕಿಂತ ದೊಡ್ಡ ಕ್ರೌರ್ಯ.

ಏಕೆಂದರೆ 350-400 ಕಿಲೋ ಭಾರ ಒಂದೇ ತೊಡೆಯ ಮೇಲೆ ಕೂತಾಗ ಅಲ್ಲಿಗೆ ರಕ್ತ ಓಡುವುದಿಲ್ಲ. ಗಟ್ಟಿ ನೆಲದಲ್ಲಿ ಕೆಲವೇ ಗಂಟೆಗಳಲ್ಲಿ ಸ್ನಾಯು, ನರ ಜಜ್ಜಿಹೋಗುತ್ತವೆ. ಆಮೇಲೆ ಕ್ಯಾಲ್ಸಿಯಂ ಸರಿಯಾದರೂ ಕಾಲು ಏಳುವುದಿಲ್ಲ. ಆದ್ದರಿಂದ ಇಂಜೆಕ್ಷನ್ನಿನಷ್ಟೇ ಮುಖ್ಯವಾದದ್ದು ಹಾಸು. ಒಂದು ಅಡಿ ದಪ್ಪಕ್ಕೆ ಒಣ ಬೈಹುಲ್ಲು ಅಥವಾ ಮರಳು ಹಾಕಿ. ದನವನ್ನು ಅಲ್ಲಿಗೆ ತರುವಾಗ ಬಾಲ, ಕೊರಳು ಹಿಡಿದು ಎಳೆಯಬಾರದು. ಅಡಿಗೆ ದಪ್ಪ ಟಾರ್ಪಾಲು ತೂರಿಸಿ, ನಾಲ್ಕು ಜನ ಸೇರಿ ಟಾರ್ಪಾಲನ್ನೇ ಎಳೆಯಿರಿ. ಅಡ್ಡ ಮಲಗಲು ಬಿಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಎದೆಯ ಮೇಲೆ ಕೂರಿಸಿ ಪಕ್ಕಕ್ಕೆ ಹುಲ್ಲು ತುಂಬಿದ ಗೋಣಿ ಒತ್ತು ಕೊಡಿ. ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯೂ. ಅಡಿಯಲ್ಲಿ ಸಿಕ್ಕಿದ ಹಿಂಗಾಲನ್ನು ಹೊರಗೆಳೆದು ತೊಡೆಯನ್ನು ಕೈಯಿಂದ ತಿಕ್ಕಿ. ಏಳಲು ಪ್ರಯತ್ನಿಸುವಾಗ ಹಿಂಗಾಲುಗಳು ಎರಡು ಕಡೆಗೆ ಜಾರಿದರೆ ತೊಡೆಯ ಸ್ನಾಯು ಹರಿಯುತ್ತದೆ. ಅದಕ್ಕೆ ಎರಡಡಿ ಅಂತರ ಬಿಟ್ಟು ಮೆತ್ತನೆಯ ಹಗ್ಗದಿಂದ ಹಿಂಗಾಲುಗಳನ್ನು ಒಂದಕ್ಕೊಂದು ಕಟ್ಟಬಹುದು.

ನೀರಿನ ಬಕೆಟ್ ಬಾಯಿಗೆ ಎಟುಕುವಲ್ಲಿರಲಿ. ಗೊಟ್ಟದಲ್ಲಿ (ಬಾಯಿಗೆ ಮದ್ದು ಹೊಯ್ಯುವ ಬಿದಿರಿನ ಕೊಳವೆ) ಗಂಜಿ, ಕಷಾಯ ಹೊಯ್ಯಬೇಡಿ. ಹಾಲುಜ್ವರದಲ್ಲಿ ನುಂಗುವ ಶಕ್ತಿಯೇ ಕುಂದಿರುತ್ತದೆ, ಹೊಯ್ದದ್ದು ಶ್ವಾಸಕೋಶಕ್ಕೆ ಇಳಿದರೆ ಕ್ಯಾಲ್ಸಿಯಂ ಕೊಟ್ಟರೂ ದನ ಉಳಿಯುವುದು ಕಷ್ಟ. ನೋವಿಗೆ ಮೆಲೋಕ್ಸಿಕಾಮ್ ಡಾಕ್ಟರು ಕೊಡುತ್ತಾರೆ. ಡೈಕ್ಲೋಫೆನಾಕ್ ಕೊಡುವಂತಿಲ್ಲ, ಸತ್ತ ದನ ತಿಂದ ರಣಹದ್ದುಗಳು ಸಾಯುತ್ತವೆಂದು 2006ರಲ್ಲೇ ಅದನ್ನು ಜಾನುವಾರುಗಳಿಗೆ ನಿಷೇಧಿಸಲಾಗಿದೆ.

ನೆರೆಯವರು ಒಪ್ಪದಿದ್ದರೆ? 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್ ಪ್ರಕಾರ ಹೊಡೆಯುವುದಷ್ಟೇ ಅಲ್ಲ, ಸಾಕಷ್ಟು ಮೇವು, ನೀರು, ಆಸರೆ ಕೊಡದಿರುವುದೂ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ, ನಾಚಿಕೆಗೇಡಿನ ಮೊತ್ತ. ಹಾಗಾಗಿ ಪೊಲೀಸ್ ದೂರಿನ ಜೊತೆ ಮೃಗಾಸ್ಪತ್ರೆಗೂ ಬರೆದುಕೊಡಿ. ದಿನ, ಹೊತ್ತು ಕಾಣುವಂತೆ ಫೋಟೋ ಇಟ್ಟುಕೊಳ್ಳಿ. ಆದರೆ ಮೊದಲು ಹುಲ್ಲಿನ ಕಟ್ಟು ಹಿಡಿದುಕೊಂಡು ಹೋಗಿ ನೋಡಿ. ಮಗ್ಗುಲು ಬದಲಿಸಲು ಜನವಿಲ್ಲದೆಯೂ ಎಷ್ಟೋ ಮಂದಿ ಕೈಚೆಲ್ಲುತ್ತಾರೆ. ಆರೈಕೆ ಮಾಡಿಯೂ ಮೇವು ಬಿಟ್ಟು, ಹುಣ್ಣಾಗಿ, ಏಳುವ ಪ್ರಯತ್ನವನ್ನೇ ಬಿಟ್ಟ ದನಕ್ಕೆ ನೋವಿಲ್ಲದ ಸಾವು ಕೊಡುವ ಬಗ್ಗೆ ಡಾಕ್ಟರಲ್ಲಿ ಕೇಳಿ. ಹಾಗೇ ಬಿಟ್ಟು ಸಾಯಿಸುವುದು ಸಲ್ಲದು.

ಪ್ರಶ್ನೆ: ಕೆಚ್ಚಲುಬಾವಿನ ದನವನ್ನು ದಲ್ಲಾಳಿ ಕೇಳುತ್ತಿದ್ದಾರೆ, ತಲಪಾಡಿ ಗಡಿ ದಾಟಿಸುತ್ತಾರಂತೆ. ಕೊಡಬಹುದೇ? (ಉಪ್ಪಳ)

ಉತ್ತರ: ಕೊಡಬೇಡಿ. ಲಾರಿಯಲ್ಲಿ ಸಾಗಿಸಲು ದನ ಪ್ರಯಾಣಕ್ಕೆ ಯೋಗ್ಯವೆಂಬ ಡಾಕ್ಟರ ಸರ್ಟಿಫಿಕೇಟ್ ಬೇಕು. ಬಾತ ಕೆಚ್ಚಲು ಹೊತ್ತು ಅಲುಗಾಡುವ ಲಾರಿಯಲ್ಲಿ ನಿಲ್ಲುವ ನೋವನ್ನು ಊಹಿಸಿ ನೋಡಿ. ಚಿಕಿತ್ಸೆ ಬೇಗ ಶುರುವಾದರೆ ಹೆಚ್ಚಿನವು ಗುಣವಾಗುತ್ತವೆ. ಬಾವು ಬಂದ ಮೊಲೆಯನ್ನು ಮೂರು ಗಂಟೆಗೊಮ್ಮೆ ಪೂರ್ತಿ ಹಿಂಡಿ, ಆ ಹಾಲನ್ನು ಗುಂಡಿಗೆ ಸುರಿಯಿರಿ. ಹಟ್ಟಿಯ ನೆಲಕ್ಕೆ ಚೆಲ್ಲಿದರೆ ಉಳಿದ ದನಗಳಿಗೂ ಹರಡುತ್ತದೆ. ಈ ದನವನ್ನು ಕೊನೆಗೆ ಕರೆಯಿರಿ. ಕರೆದ ಮೇಲೆ ಮೊಲೆತೂತು ಅರ್ಧ ಗಂಟೆಯಷ್ಟು ಹೊತ್ತು ತೆರೆದೇ ಇರುತ್ತದೆ, ಆಗ ಮಲಗದಂತೆ ಎದುರಿಗೆ ಹಸಿಹುಲ್ಲು ಹಾಕಿ. ಡಾಕ್ಟರ ಮದ್ದಿನ ಜೊತೆಗೆ ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 10-15 ಗ್ರಾಂ ಅರೆದು, ನೀರು ಸೇರಿಸಿ, ಕೆಚ್ಚಲು ತೊಳೆದು ದಿನಕ್ಕೆ ಎಂಟು ಹತ್ತು ಸಲ ಸವರಿ. ಆಂಟಿಬಯಾಟಿಕ್ ಕೊಟ್ಟರೆ ಚೀಟಿಯಲ್ಲಿ ಬರೆದಷ್ಟು ದಿನ ಯಾವ ಮೊಲೆಯ ಹಾಲನ್ನೂ ಸೊಸೈಟಿಗೆ ಹಾಕಬಾರದು. ಕಾಯಿಸಿದರೆ ಮದ್ದು ಹೋಗುತ್ತದೆ ಎಂಬುದು ಸುಳ್ಳು.

ಪ್ರಶ್ನೆ: ಗಂಡು ಕರುವಿಗೆ ಭೇದಿ. ಹಾಲು ನಿಲ್ಲಿಸಬೇಕೇ? (ಪೆರ್ಲ)

ಉತ್ತರ: ನಿಲ್ಲಿಸಬೇಡಿ, ಉಪವಾಸವೇ ಕರುವನ್ನು ಕೊಲ್ಲುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಅರ್ಧ ಚಮಚ ಅಡುಗೆ ಸೋಡಾ, ಎರಡು ದೊಡ್ಡ ಚಮಚ ಗ್ಲುಕೋಸ್ ಕಲಸಿ, ಉಗುರುಬೆಚ್ಚಗೆ ಕುಡಿಸಿ. ಹಾಲಿಗೆ ಬೆರೆಸಬೇಡಿ, ಎರಡು ಗಂಟೆ ಬಿಟ್ಟು ಕೊಡಿ. ಕತ್ತಿನ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಹಾಗೆಯೇ ನಿಂತರೆ ಅಥವಾ ಕರು ಚೀಪುವುದನ್ನು ಬಿಟ್ಟರೆ ಆ ದಿನವೇ ಡ್ರಿಪ್ ಬೇಕು.