ಕಾಸಿದ ಹಾಲಿನಲ್ಲೂ ಉಳಿಯುವ ನಂಜು

ಪ್ರಶ್ನೆ: ನಮ್ಮ ಮೂರು ಎಚ್‌ಎಫ್ ಹಸುಗಳಲ್ಲಿ ಒಂದಕ್ಕೆ ಈ ವರ್ಷ ಎರಡು ಸಲ ಕೆಚ್ಚಲು ಬಾವು ಬಂದು ವಾಸಿಯಾಯಿತು. ಈಗ ಹಾಲು ಚೆನ್ನಾಗಿಯೇ ಕಾಣುತ್ತದೆ, ಡೇರಿಯಲ್ಲೂ ತಕರಾರಿಲ್ಲ. ಆದರೂ ಇಂಥ ಹಾಲಿನಲ್ಲಿ ಬ್ಯಾಕ್ಟೀರಿಯಾದ ವಿಷ ಇರಬಹುದೆಂದು ಕೇಳಿದ್ದೇನೆ. ಚೆನ್ನಾಗಿ ಕಾಸಿದರೆ ಸಾಲದೇ? ಅದನ್ನು ಕಂಡುಹಿಡಿಯುವ ಪರೀಕ್ಷೆ ಇದೆಯೇ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಹಾಲನ್ನು ಕಾಸಲೇಬೇಕು, ಆದರೆ ನೀವು ಕೇಳಿರುವ ವಿಷದ ಮಟ್ಟಿಗೆ ಕಾಸಿದರೆ ಸಾಲದು. ಕೆಚ್ಚಲು ಬಾವು ತರುವ ಬ್ಯಾಕ್ಟೀರಿಯಾಗಳಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬುದು ಕೆಚ್ಚಲಿನೊಳಗೆ ಬೇರೂರಿ, ಬಾವು ಇಳಿದ ಮೇಲೂ ಹೊರಗೆ ಗುರುತು ತೋರದೆ ತಿಂಗಳುಗಟ್ಟಲೆ ಉಳಿಯಬಲ್ಲದು. ಅದರ ಎಲ್ಲ ತಳಿಗಳೂ ಅಲ್ಲ, ಕೆಲವು ಮಾತ್ರ, ಎಂಟರೊಟಾಕ್ಸಿನ್ ಎಂಬ ನಂಜನ್ನು ತಯಾರಿಸುತ್ತವೆ. ಕಾಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಅಷ್ಟರೊಳಗೆ ಹಾಲಿಗೆ ಬಿಟ್ಟ ನಂಜು ಉಳಿಯುತ್ತದೆ. ಅಂಥ ಹಾಲು ಕುಡಿದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು, ಭೇದಿ ಶುರುವಾಗುತ್ತದೆ.

2000ನೇ ಇಸವಿಯಲ್ಲಿ ಜಪಾನಿನಲ್ಲಿ ಹೀಗೆಯೇ ಆಯಿತು. ಹೊಕ್ಕೈಡೊ ದ್ವೀಪದ ಕಾರ್ಖಾನೆಯೊಂದರಲ್ಲಿ ವಿದ್ಯುತ್ ಕೈಕೊಟ್ಟು, ಹಾಲು ಗಂಟೆಗಟ್ಟಲೆ ಬೆಚ್ಚಗೆ ನಿಂತಿತು. ಆಮೇಲೆ ಅದನ್ನು ಬಿಸಿಮಾಡಿ ಕೆನೆರಹಿತ ಹಾಲಿನ ಪುಡಿ ಮಾಡಿದರು. ಬ್ಯಾಕ್ಟೀರಿಯಾ ಸತ್ತಿತು, ನಂಜು ಪುಡಿಯಲ್ಲೇ ಉಳಿಯಿತು. ಆ ಪುಡಿ ಒಸಾಕಾದಲ್ಲಿ ತಯಾರಾದ ಹಾಲಿಗೆ ಸೇರಿ 13,000ಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಜೀವಂತ ಬ್ಯಾಕ್ಟೀರಿಯಾವನ್ನು ಮಾತ್ರ ಎಣಿಸುವ ಪರೀಕ್ಷೆಯಲ್ಲಿ ಇಂಥ ಪುಡಿ ಶುದ್ಧವೆಂದೇ ತೋರುತ್ತದೆ ಎಂಬುದನ್ನು ಗಮನಿಸಿ.

ಡೇರಿಯಲ್ಲಿ ನೋಡುವ ಫ್ಯಾಟ್, ಕೊಬ್ಬು ಬಿಟ್ಟು ಉಳಿದ ಘನಾಂಶವಾದ ಎಸ್‌ಎನ್‌ಎಫ್‌ಗಳಿಗೂ ಈ ನಂಜಿಗೂ ಸಂಬಂಧವಿಲ್ಲ. ತಟ್ಟೆಯ ನಾಲ್ಕು ಗುಳಿಗಳಿಗೆ ಒಂದೊಂದು ಮೊಲೆತೊಟ್ಟಿನ ಹಾಲು ಕರೆದು, ದ್ರಾವಣ ಬೆರೆಸಿ ಆಡಿಸಿದಾಗ ಲೋಳೆಯಾಗುತ್ತದೆಯೇ ಎಂದು ನೋಡುವ ಸಿಎಂಟಿ ಪರೀಕ್ಷೆಯೂ ನಂಜನ್ನು ತೋರಿಸುವುದಿಲ್ಲ. ಹಾಲಿನಲ್ಲಿ ಬಿಳಿ ರಕ್ತಕಣಗಳು ಹೆಚ್ಚಿವೆ, ಅಂದರೆ ಒಳಗೆ ಸೋಂಕಿರಬಹುದು ಎಂಬುದನ್ನಷ್ಟೇ ತಿಳಿಸುತ್ತದೆ. ಆದರೂ ನಿಮ್ಮ ಕೊಟ್ಟಿಗೆಗೆ ನಾನು ಮೊದಲು ಹೇಳುವುದು ಇದನ್ನೇ, ಏಕೆಂದರೆ ಯಾವ ತೊಟ್ಟಿನಲ್ಲಿ ತೊಂದರೆಯಿದೆ ಎಂದು ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ.

ಆ ತೊಟ್ಟಿನ ಹಾಲನ್ನು ಪಶುವೈದ್ಯರ ಮೂಲಕ ಪ್ರಯೋಗಾಲಯಕ್ಕೆ ಕಳುಹಿಸಿ. ತೊಟ್ಟನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಮೊದಲ ಕೆಲವು ಧಾರೆಗಳನ್ನು ಬಿಟ್ಟು, ಕ್ರಿಮಿರಹಿತ ಬಾಟಲಿಗೆ ಕರೆದು, ಮಂಜುಗಡ್ಡೆಯ ಮೇಲಿಟ್ಟು ಬೇಗ ತಲುಪಿಸಬೇಕು. ಅಲ್ಲಿ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುತ್ತಾರೆ, ಯಾವ ಔಷಧಕ್ಕೆ ಅದು ಬಗ್ಗುತ್ತದೆಂದೂ ನೋಡುತ್ತಾರೆ. ಈ ಬ್ಯಾಕ್ಟೀರಿಯಾ ಹಾಲಿನಲ್ಲಿ ಒಂದು ದಿನ ಕಾಣಿಸಿ ಇನ್ನೊಂದು ದಿನ ಕಾಣಿಸದಿರುವುದರಿಂದ, ಒಂದೇ ಸಲ ಇಲ್ಲವೆಂದು ಬಂದ ವರದಿಯನ್ನು ನಂಬಿ ಕೂರಬೇಡಿ.

ನಂಜನ್ನೇ ಹಿಡಿಯುವುದು ಎಲೈಸಾ ಪರೀಕ್ಷೆ. ಅದರಲ್ಲಿ ನಂಜಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬಳಸುತ್ತಾರೆ. ಪಿಸಿಆರ್ ಪರೀಕ್ಷೆ ಬ್ಯಾಕ್ಟೀರಿಯಾಕ್ಕೆ ನಂಜು ತಯಾರಿಸುವ ಜೀನ್ ಇದೆಯೇ ಎಂದು ಹೇಳಬಲ್ಲದು, ನಿಮ್ಮ ಹಾಲಿನಲ್ಲಿ ನಂಜು ಆಗಿದೆಯೇ ಎಂದಲ್ಲ. ಯುರೋಪಿನ ಒಕ್ಕೂಟದಲ್ಲಿ ಚೀಸ್ ಮತ್ತು ಹಾಲಿನ ಪುಡಿಯಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಸೇರಿರುವ ಗುಂಪಿನ ಬ್ಯಾಕ್ಟೀರಿಯಾ ಗ್ರಾಮಿಗೆ 1,00,000 ದಾಟಿದರೆ ನಂಜಿನ ಪರೀಕ್ಷೆ ಕಡ್ಡಾಯ. ಮೂರು ಹಸುಗಳ ಮನೆಗೆ ದಿನವೂ ಎಲೈಸಾ ಮಾಡಿಸುವುದು ಆಗುವ ಮಾತಲ್ಲ, ಬೇಕಾಗಿಯೂ ಇಲ್ಲ.

ಬ್ಯಾಕ್ಟೀರಿಯಾ ಬಹುವಾಗಿ ಹೆಚ್ಚಿದಾಗಲೇ ನಂಜು ಅಪಾಯದ ಮಟ್ಟಕ್ಕೆ ಏರುತ್ತದೆ, ಹೆಚ್ಚಲು ಅದಕ್ಕೆ ಬೆಚ್ಚಗಿನ ಹಾಲೂ ಸಮಯವೂ ಬೇಕು. ಆದ್ದರಿಂದ ಕರೆದ ಹಾಲನ್ನು ಕೂಡಲೇ ಡೇರಿಗೆ ಮುಟ್ಟಿಸಿ. ಮನೆಗೆ ಇಟ್ಟುಕೊಂಡದ್ದನ್ನು ತಡಮಾಡದೆ ಕಾಸಿ, ಆರಿಸಿ, ಫ್ರಿಜ್‌ನಲ್ಲಿಡಿ. ಆ ಹಸುವನ್ನು ಕೊನೆಯಲ್ಲಿ ಕರೆಯಿರಿ. ವರದಿ ಬರುವವರೆಗೆ ಸೋಂಕಿನ ತೊಟ್ಟಿನ ಹಾಲನ್ನು ಕ್ಯಾನಿಗೆ ಬೆರೆಸಬೇಡಿ, ಕರುವಿಗೂ ಕುಡಿಸಬೇಡಿ.